ಬಾವಿ ಹಗ್ಗದ ಹನ್ನೊಂದು ಗಂಟು

ನೀರು ಕುಡಿದವರು ಉಪ್ಪು ತಿನ್ನಲೇಬೇಕು. ಗಾದೆ ತಿರುವುಮುರುವಾಯಿತು ಎಂದು ತಕರಾರು ತೆಗೆಯುವವರು ಒಮ್ಮೆ ಶಹಾಪುರ ಸೀಮೆಗೆ ಬಂದು ಕಾಲುವೆ ಕೆಳಗಿನ ಹೊಲಗಳಲ್ಲಿ ಬರಿಗಾಲಲ್ಲಿ ನಿಂತು ನೋಡಲಿ. ಭತ್ತ ನಿಲ್ಲಬೇಕಾದ ಜಾಗದಲ್ಲಿ ಬಿಳಿ ಪುಡಿ ಅಂಗಾಲಿಗೆ ಹತ್ತುತ್ತದೆ. ಗಾದೆ ಕಟ್ಟಿದವನ ಕಾಲಕ್ಕೆ ಕಾಲುವೆ ಇರಲಿಲ್ಲ, ಅವನ ತಪ್ಪಲ್ಲ. ಈಗ ಹೇಳಹೊರಟಿರುವುದು ಮಾತ್ರ ನಡೆದದ್ದೇ ನಡೆದ ಕತೆ. ಅಪರಾಧ ಸಂಖ್ಯೆ ಇದೆ, ಪಂಚನಾಮೆ ಇದೆ, ಪಂಚರ ಹೆಬ್ಬೆಟ್ಟೂ ಇದೆ. ಹೆಬ್ಬೆಟ್ಟು ಸುಳ್ಳು ಹೇಳಲಿಲ್ಲ. ಈ ಕತೆಯಲ್ಲಿ ಸುಳ್ಳು ಹೇಳಿದ್ದು ಸಹಿ.

2003ನೇ ಇಸವಿ ಡಿಸೆಂಬರ್ 1, ಸೋಮವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಕಾಲುವೆ ಇಲಾಖೆಯ ಜೀಪು ಠಾಣೆಯ ಮುಂದೆ ನಿಂತಿತು. ಇಳಿದವನು ಜೂನಿಯರ್ ಇಂಜಿನಿಯರ್ ಭೀಮರಾಯ. ಎಂಟು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕುಳಿತವನ ನಡಿಗೆ ಅವನದು. ಪಿಎಸ್‌ಐ ಬಸವಂತ್ರಾಯನ ಎದುರು ಟೈಪು ಮಾಡಿದ ದೂರು ಇಟ್ಟ.

“ರಿಜಿಸ್ಟರ್ ಕಳುವಾಗ್ಯಾದ್ರಿ. ಹನ್ನೆರಡು ವರ್ಷದ ದಾಖಲೆ.”

“ಏನ್ ದಾಖಲೆ?”

“ಹೊನ್ನಿಗನಾಳದ ವೀಕ್ಷಣಾ ಬಾವಿದು. ತಿಂಗಳಾ ಒಂದನೇ ತಾರೀಖಿಗಿ, ನೆಲದಿಂದ ಎಷ್ಟು ಆಳದಾಗ ನೀರು ಅದ ಅಂತ ನಮ್ಮ ದಿನಗೂಲಿ ನೌಕರ ಅಯ್ಯಣ್ಣ ಅಳದು ಬರೀತಾನ. ನಾ ಸಹಿ ಹಾಕ್ತೀನಿ.”

“ಯಾರ ಒಯ್ದ್ರು?”

ಭೀಮರಾಯ ಗಂಟಲು ಸರಿಮಾಡಿಕೊಂಡ. “ಶುಕ್ರವಾರ ಸಂಜಿ ಕಾಲುವಿ ಕ್ಯಾಂಪಿಗಿ ಫೋನ್ ಬಂತು. ದನಿ ನಮ್ಮ ಕಾರ್ಯಪಾಲಕ ಇಂಜಿನಿಯರ್ ಸಾಹೇಬ್ರದು. ರಿಜಿಸ್ಟರ್ ತೊಗೊಂಡು ಗೋಗಿ ಬಸ್ ಸ್ಟ್ಯಾಂಡಿಗಿ ಬಾ ಅಂದ್ರು. ಅಯ್ಯಣ್ಣ ಹೋಗಿ ಯಾವನೋ ಟಂಟಂ ಆಟೋದವನ ಕೈಯಾಗ ಕೊಟ್ಟು ಬಂದಾನ. ಸಾಹೇಬ್ರು ಆ ಹೊತ್ತಿಗಿ ಬೆಂಗಳೂರಾಗ ಮೀಟಿಂಗಿನಾಗ ಇದ್ರು.”

ಮಹಿಳಾ ಕಾನ್‌ಸ್ಟೇಬಲ್ ಮೌಲಾಬಿ ಪಕ್ಕದ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಗು ಬಂದದ್ದನ್ನು ಕೆಮ್ಮಿ ಮುಚ್ಚಿದಳು.

“ಎಫ್‌ಐಆರ್ ನಕಲು ಇವತ್ತ ಬೇಕ್ರಿ” ಎಂದ ಭೀಮರಾಯ. “ಶುಕ್ರವಾರ ಐದನೇ ತಾರೀಖಿಗಿ ಬಸಿಗಾಲುವಿ ಪಟ್ಟಿ ಕಳಿಸಬೇಕು. ಯಾವ ಊರಾಗ ನೀರು ಎರಡು ಮೀಟರ್ ಒಳಗ ಮ್ಯಾಲ ಬಂದದ, ಆ ಊರಿಗಿ ಹೆಚ್ಚಿನ ನೀರು ಹೊರಗ ಹಾಕೋ ಕಾಲುವಿ ಮಂಜೂರ. ಈ ಸಲ ತಪ್ಪಿದ್ರ ಮತ್ತ ಐದು ವರ್ಷ ಇಲ್ಲ.”

“ನಕಲು ಕೊಡೋಣ. ರಿಜಿಸ್ಟರ್ ಬ್ಯಾಡೇನು?”

“ಸಿಕ್ರ ಸಿಗ್ಲಿ. ಇಲ್ಲಂದ್ರ ನಕಲು ಹಚ್ಚಿ ನಾವ ಹೊಸಾದು ಬರ್ಕೋತೀವಿ.”

“ಹನ್ನೆರಡು ವರ್ಷದ್ದು?”

“ಅಂದಾಜಿನ ಮ್ಯಾಲ.”

ಬಸವಂತ್ರಾಯ ಪೆನ್ನು ಕೆಳಗಿಟ್ಟ. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ್ದ ಮನುಷ್ಯ. ಅಂದಾಜಿನ ಮೇಲೆ ಉತ್ತರ ಬರೆದ ಮಕ್ಕಳ ಕಿವಿ ಹಿಂಡಿದ ಬೆರಳುಗಳು ಅವು. ಅಪರಾಧ ಸಂಖ್ಯೆ 112/2003, ಐಪಿಸಿ ಕಲಂ 419, 420 ಎಂದು ಎಫ್‌ಐಆರ್ ದಾಖಲಾಯಿತು. ನಕಲು ಮಾತ್ರ ಅಂದು ಕೈಗೆ ಹೋಗಲಿಲ್ಲ. “ಝೆರಾಕ್ಸ್ ಅಂಗಡ್ಯಾಗ ಕರೆಂಟ್ ಇಲ್ರಿ” ಎಂದಳು ಮೌಲಾಬಿ. ಅಂಗಡಿಯ ಮಿಷನ್ನು ಎದುರಿಗೇ ಗರ್ ಎನ್ನುತ್ತಿತ್ತು.

ಮಧ್ಯಾಹ್ನ 12-40ಕ್ಕೆ ಕಾಲುವೆ ಕ್ಯಾಂಪಿನಲ್ಲಿ ಅಯ್ಯಣ್ಣನ ವಿಚಾರಣೆ. ನಲವತ್ತೈದರ ವಯಸ್ಸು, ಖಾಕಿ ಅಂಗಿ, ಚಪ್ಪಲಿ ಬಾಗಿಲ ಹೊರಗೆ. ಪೊಲೀಸರ ಮುಂದೆಯೂ ಕುರ್ಚಿಯಲ್ಲಿ ಕೂರಲಿಲ್ಲ.

“ಫೋನಿನಾಗ ಏನಂದ್ರು?”

“‘ಏ ಅಯ್ಯಣ್ಣಾ, ನಿದ್ದಿ ಹೊಡಿಯಾಕತ್ತೀಯೇನಲೇ’ ಅಂದ್ರಿ.”

“ಅಷ್ಟಕ್ಕ ಸಾಹೇಬ್ರು ಅಂತ ನಂಬಿದಿ?”

“ಬೈದ್ರಲ್ರಿ. ಅವರ ಹಂಗೇ ಬೈತಾರ. ನಾ ಎದ್ದು ನಿಂತೀನ್ರಿ.”

“ಫೋನಿನಾಗ ಎದ್ದು ನಿಂತದ್ದು ಯಾರಿಗಿ ಕಾಣ್ತದ?”

ಹನ್ನೆರಡು ವರ್ಷದ ದಿನಗೂಲಿಯಲ್ಲಿ ಆ ಪ್ರಶ್ನೆ ಅಯ್ಯಣ್ಣನಿಗೆ ಹೊಳೆದಿರಲಿಲ್ಲ.

ಕರೆ ಬಂದದ್ದು ಗೋಗಿಯ ಕಾಯಿನ್ ಬೂತಿನಿಂದ ಎಂದು ಟೆಲಿಫೋನ್ ಎಕ್ಸ್‌ಚೇಂಜಿನಿಂದ ತಿಳಿಯಿತು. ಬೂತಿನವನು ಮೊದಲು ಏನೂ ಗೊತ್ತಿಲ್ಲ ಎಂದ. ಮೌಲಾಬಿ ಅವನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕುಳಿತಳು. ಪೊಲೀಸಮ್ಮ ಕುಳಿತ ಬೂತಿಗೆ ಗಿರಾಕಿ ಬರುವುದಿಲ್ಲ. ಅರ್ಧ ಗಂಟೆಗೆ ಅವನಿಗೆ ಎಲ್ಲ ನೆನಪಾಯಿತು: “ಟಂಟಂ ಪರಮಣ್ಣ ಅದಾನಲ್ರಿ, ಹೊನ್ನಿಗನಾಳದವ. ಬಿ.ಎ. ಓದ್ಯಾನ. ತಹಸೀಲ್ದಾರ್ ಬೇಕಾದ್ರ ತಹಸೀಲ್ದಾರ್ ದನಿ, ಕಂಡಕ್ಟರ್ ಬೇಕಾದ್ರ ಕಂಡಕ್ಟರ್ ದನಿ. ಅವನ ಗಾಡ್ಯಾಗ ಕುಂತ ಮಂದಿ ನಕ್ಕೋತ ಊರು ಬಂದದ್ದ ಮರೀತಾರ.”

ಸಂಜೆ 4-10ಕ್ಕೆ ಪರಮಣ್ಣನ ಟಂಟಂ ತಡೆದರು. ಹದಿನಾಲ್ಕು ಜನ ಇಳಿದರು, ಎರಡು ಮೇಕೆ ಇಳಿದವು. ಪರಮಣ್ಣ ತಾನಾಗಿ ಸೀಟು ಎತ್ತಿ, ಗೊಬ್ಬರದ ಚೀಲದಲ್ಲಿ ಸುತ್ತಿದ್ದ ರಿಜಿಸ್ಟರ್ ತೆಗೆದು ಕೊಟ್ಟ.

“ಯಾಕ ತೊಗೊಂಡಿ?”

“ಓದಾಕ್ರಿ.”

“ಕೇಳಿದ್ರ ತೋರಸ್ತಿದ್ದಿಲ್ಲೇನು?”

ಪರಮಣ್ಣನ ಮುಖದ ಹುಡುಗಾಟ ಇಳಿದುಹೋಯಿತು. “ನಮ್ಮ ರೇಣಮ್ಮ ಚಿಗವ್ವ ಆರು ಸಲ ಆ ಆಫೀಸಿಗಿ ನಡದಾಳ್ರಿ. ಮನಿ ಗ್ವಾಡಿ ಉದುರಾಕತ್ತಾವ, ಹೊಲ ಸವಳು ಹಿಡದು ಸತ್ತದ. ನಮ್ಮೂರು ಪಟ್ಟ್ಯಾಗ ಯಾಕಿಲ್ಲ ಅಂತ ಕೇಳಿದ್ರ, ‘ರಿಜಿಸ್ಟರಿನಾಗ ನೀರು ಒಂಬತ್ತು ಮೀಟರ್ ಕೆಳಗ ಅದ, ನಡಿ’ ಅಂದಾರ. ‘ರಿಜಿಸ್ಟರ್ ತೋರಸ್ರಿ’ ಅಂದ್ರ ‘ನಿನಗ ಓದಾಕ ಬರ್ತದೇನು’ ಅಂತ ನಕ್ಕಾರ. ಅಕಿಗಿ ಬರೂದಿಲ್ಲ. ನನಗ ಬರ್ತದ. ಅದಕ ತಂದೀನಿ. ಏನು ಶಿಕ್ಷಾ ಅದ ಕೊಡ್ರಿ.”

ಬಸವಂತ್ರಾಯ ಅವನನ್ನು ಜಾಮೀನಿನ ಮೇಲೆ ಬಿಟ್ಟ. ರಿಜಿಸ್ಟರ್ ಜಪ್ತಿ ಮಾಡಿದ. ಕಳುವಾದ ವಸ್ತು ಆರು ತಾಸಿನಲ್ಲಿ ಸಿಕ್ಕಿತ್ತು. ಬೇರೆ ಠಾಣೆಯಾದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಅವನು ಪುಸ್ತಕದಂಗಡಿಯಿಂದ ನಾಲ್ಕು ಗ್ರಾಫ್ ಹಾಳೆ ತರಿಸಿದ.

ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಅಡ್ಡಕ್ಕೆ ತಿಂಗಳುಗಳನ್ನೂ ಉದ್ದಕ್ಕೆ ಆಳವನ್ನೂ ಗುರುತು ಹಾಕಿದ. ಮೌಲಾಬಿ ಓದಿದಳು, ಅವನು ಚುಕ್ಕಿ ಇಟ್ಟ. 1991ರ ಆಗಸ್ಟ್, 9.9 ಮೀಟರ್. ಮಳೆಗಾಲ, ಬೇಸಿಗೆ ಎಂದು ಚುಕ್ಕಿಗಳು ಏರಿಳಿಯುತ್ತಲೇ ವರ್ಷದಿಂದ ವರ್ಷಕ್ಕೆ ಮೇಲೆ ಬಂದವು. 1995ರ ಆಗಸ್ಟ್, 8.4. ನೀರು ನೆಲದ ಕಡೆ ಹತ್ತುತ್ತಿತ್ತು. ಡಿಸೆಂಬರಿನವರೆಗೂ ಅಲ್ಲೇ ಸುತ್ತಮುತ್ತ ಇದ್ದ ಚುಕ್ಕಿ 1996ರ ಜನವರಿಗೆ ಧೊಪ್ಪೆಂದು 9.6ಕ್ಕೆ ಬಿತ್ತು. ಅಲ್ಲಿಂದ ಎಂಟು ವರ್ಷ, ಹತ್ತಿರ ಹತ್ತಿರ ನೂರು ಚುಕ್ಕಿ, ಹೊಸ ಗರಗಸದ ಹಲ್ಲಿನಂತೆ ಒಂದೇ ಎತ್ತರ, ಒಂದೇ ಆಳ. ವರ್ಷದಿಂದ ವರ್ಷಕ್ಕೆ ಏರಿಕೆ ಇಲ್ಲ, ಇಳಿಕೆ ಇಲ್ಲ.

“ಒಂದ ತಿಂಗಳಾಗ ಅಷ್ಟು ನೀರು ಎಲ್ಲಿ ಹೋತು?” ಎಂದ ಬಸವಂತ್ರಾಯ.

ಮೌಲಾಬಿ ಬೇರೆ ಕಡೆ ಬೆರಳಿಟ್ಟಳು. ಅವಳ ತವರು ಸುರಪುರದ ಹತ್ತಿರ, ಕಾಲುವೆಯ ಬದಿಗೆ. “ಸರ್, ಇಲ್ಲಿ ನೋಡ್ರಿ. ಡಿಸೆಂಬರ್ ಬಂತಂದ್ರ ನೀರು ಕೆಳಗ ಇಳಿಯಾಕತ್ತದ. ಜನವರಿ, ಫೆಬ್ರವರಿ, ಇನ್ನೂ ಕೆಳಗ. ಕಾಲುವಿ ಮಾರ್ಚ್ ಮುಗಿಯೂ ತನಕ ತುಂಬಿ ಹರೀತದ್ರಿ. ನಮ್ಮೂರಾಗ ಶಿವರಾತ್ರಿಗಿ ಬಾವಿ ತುಂಬಿರ್ತದ. ಇದು ಕಾಲುವಿ ಊರಿನ ಬಾವಿ ಅಲ್ಲ.”

“ಮತ್ತ?”

“ಒಣ ಬೇಸಾಯದ ಊರಿಂದು. ಮಳಿ ಬಿದ್ರ ಏರೂದು, ಮಳಿ ನಿಂತ್ರ ಇಳಿಯೂದು. ಇದನ್ನ ಬರದವ ಕಾಲುವಿ ನೋಡಿ ಬೆಳದವ ಅಲ್ಲ.”

ಬಸವಂತ್ರಾಯ ಅಯ್ಯಣ್ಣನ ಹೇಳಿಕೆಯ ಮೊದಲ ಸಾಲು ತೆಗೆದು ನೋಡಿದ. ಸ್ವಂತ ಊರು: ಗುರುಮಠಕಲ್ ಕಡೆಯ ಗುಡ್ಡದ ಹಳ್ಳಿ. ಕುಲಕಸುಬು: ಕುರಿ ಸಾಕಣೆ. ಆಮೇಲೆ ರಿಜಿಸ್ಟರಿನ ಸಹಿಗಳನ್ನು ತಿರುವಿದ. ಭೀಮರಾಯನ ಮೊದಲ ಸಹಿ ಬಿದ್ದದ್ದು 1995ರ ಡಿಸೆಂಬರ್ ತಿಂಗಳು. ಒಂದು ತಿಂಗಳಿಗೇ ಬಾವಿ ಶಿಸ್ತು ಕಲಿತಿತ್ತು.

“ಹಡಬಿಟ್ಟಿ ಮಂದಿ” ಎಂದ ಬಸವಂತ್ರಾಯ. ಮೌಲಾಬಿ ಅದನ್ನು ಬರೆದುಕೊಳ್ಳಲಿಲ್ಲ.

ಡಿಸೆಂಬರ್ 2, ಬೆಳಿಗ್ಗೆ 9 ಗಂಟೆ. ಹೊನ್ನಿಗನಾಳ. ಗೋಡೆಗಳ ಬುಡ ಮೊಣಕಾಲೆತ್ತರ ಬಿಳಿಯಾಗಿತ್ತು. ಬೆರಳು ತಾಗಿಸಿದರೆ ಮಣ್ಣು ರವೆಯಂತೆ ಉದುರುತ್ತಿತ್ತು. ಬಾವಿ ರೇಣಮ್ಮನ ಅಂಗಳದ ಎದುರಿಗೇ. ಇಣುಕಿದರೆ ತಮ್ಮ ಮುಖ ತಮಗೇ ಕಾಣುವಷ್ಟು ಹತ್ತಿರ ನೀರು. ಟೇಪು ಬಿಟ್ಟು ಅಳೆದರು. 1.1 ಮೀಟರ್. ರಿಜಿಸ್ಟರಿನ ಪ್ರಕಾರ ಕಳೆದ ತಿಂಗಳು 8.3.

ರೇಣಮ್ಮ ಅರವತ್ತರ ಹೆಂಗಸು. ಚಹಾ ತಂದಳು; ಹಾಲು ಒಡೆದು ಮೇಲೆ ತೇಲುತ್ತಿತ್ತು.

“ಈ ನೀರಿಗಿ ಹಾಲು ನಿಲ್ಲೂದಿಲ್ಲ ಯಪ್ಪಾ. ಕುಡದ್ರ ಕುಡಿ, ಇಲ್ಲಂದ್ರ ಚೆಲ್ಲು. ನಾವು ಇದ ಕುಡೀತೀವಿ.”

ಬಸವಂತ್ರಾಯ ಕುಡಿದ. “ಇವತ್ತಿನ ಅಳತಿ ಸಿಕ್ಕದವ್ವ. ಅವರು ‘ನಿನ್ನೆ ಮೊನ್ನೆ ಏರ್ಯಾದ’ ಅಂತಾರ. ಹಿಂದಿನ ವರ್ಷಗಳದ್ದು ಸಾಕ್ಷಿ ಬೇಕು.”

“ಸಾಕ್ಷಿ!” ರೇಣಮ್ಮ ಎದ್ದು ನಿಂತಳು. “ನಾ ಸಾಕ್ಷಿ ಅಲ್ಲೇನು? ದಿನಾ ನಾಕು ಕೊಡ ಸೇದೀನಿ. ನೀರು ಇಲ್ಲದಾಗ ಸೇದಿ ಸೇದಿ ರಟ್ಟಿ ಹೋದ್ವು. ನೀರು ಬಂತು ಅಂತ ಕಾಲುವಿಗಿ ಕಾಯಿ ಒಡದೆ. ಈಗ ನೀರ ನನ್ನ ಹೊಲ ತಿಂತು. ಆ ಇಂಜಿನಿಯರ್ ನನಗ ಓದಾಕ ಬರೂದಿಲ್ಲ ಅಂತಾನ. ಅವನಿಗಿ ಬಾವ್ಯಾಗ ಹಣಿಕಿ ಹಾಕಾಕ ಬರೂದಿಲ್ಲಲ್ಲ! ಪ್ರತಿ ಪಂಚಮಿಗಿ ಹಗ್ಗ ಕೊಯ್ದಾಕಿ ನಾನು, ನನಗ ಗೊತ್ತಿಲ್ಲೇನು ನೀರು ಎಷ್ಟು ಏರ್ಯಾದ ಅಂತ?”

ಮೌಲಾಬಿಯ ಪೆನ್ನು ನಿಂತಿತು. “ಯಾವ ಹಗ್ಗ, ದೊಡ್ಡವ್ವ?”

ನಾಗರ ಪಂಚಮಿಗೆ ಬಾವಿಯ ಹಗ್ಗ ಬಿಚ್ಚಿ ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು ಆ ಓಣಿಯ ಪದ್ಧತಿ. ಹಬ್ಬ ಮುಗಿದ ಮೇಲೆ ಹಗ್ಗ ಮತ್ತೆ ಬಾವಿಯ ಗಡಗಡಿ ರಾಟೆಗೆ. ನೀರು ಮೇಲೆ ಬಂದಷ್ಟು ಹಗ್ಗ ಹೆಚ್ಚಾಗಿ ಕಾಲಿಗೆ ತೊಡರುತ್ತದೆ. ಹಾಗಾಗಿ ಕಟ್ಟುವಾಗ ಹೆಚ್ಚಿನದನ್ನು ಕೊಯ್ಯುವುದು. ಸವೆದ ಹಗ್ಗ ಬದಲಿಸಿದರೂ ಹಳೆಯದರ ಅಳತೆಗೇ ಹೊಸದು.

“ಕೊಯ್ದದ್ದು ಏನ್ ಮಾಡಿದಿ?” ಬಸವಂತ್ರಾಯನ ದನಿ ಸಣ್ಣಗಾಗಿತ್ತು.

“ಒಗೀಲಿಕ್ಕೆ ಆಗ್ತದೇನು? ಅಲ್ಲಿ ನೋಡು, ನಿನ್ನ ತಲಿ ಮ್ಯಾಲ.”

ಅಂಗಳದ ಗೂಟದಿಂದ ಬೇವಿನ ಮರದವರೆಗೆ ಬಟ್ಟೆ ಒಣಹಾಕುವ ಹಗ್ಗ. ಅದರ ಮೇಲೆ ಎರಡು ಸೀರೆ, ಒಂದು ಕೌದಿ. ಪ್ರತಿ ವರ್ಷ ಕೊಯ್ದ ತುಂಡನ್ನು ಹಿಂದಿನದರ ತುದಿಗೆ ಗಂಟು ಹಾಕುತ್ತ ಬಂದಿದ್ದಳು. ಗೂಟದ ಕಡೆಯದು 1992ರದು, ಮರದ ಕಡೆಯದು ಈ ವರ್ಷದ್ದು. ಹನ್ನೆರಡು ತುಂಡು, ನಡುವೆ ಹನ್ನೊಂದು ಗಂಟು.

ಇಬ್ಬರು ಪಂಚರನ್ನು ಕರೆದರು. ಸೀರೆ, ಕೌದಿ ತೆಗೆದು ಗಂಟಿನಿಂದ ಗಂಟಿಗೆ ಅಳೆದರು. ಮೊದಲ ತುಂಡು ಇಪ್ಪತ್ತು ಸೆಂಟಿಮೀಟರ್. ಎರಡನೆಯದು ಇಪ್ಪತ್ತೈದು. ನಲವತ್ತು. ಅರವತ್ತು. ಅಲ್ಲಿಗೆ 1995. ಕೂಡಿಸಿದರೆ 1 ಮೀಟರ್ 45. ರಿಜಿಸ್ಟರಿನಲ್ಲಿ ಆ ನಾಲ್ಕು ವರ್ಷಕ್ಕೆ ನೀರು ಏರಿದ್ದು ಒಂದೂವರೆ ಮೀಟರ್. ಹಗ್ಗವೂ ರಿಜಿಸ್ಟರೂ ಅಲ್ಲಿವರೆಗೆ ಅಣ್ಣತಮ್ಮಂದಿರಂತೆ ಜೊತೆಗೆ ನಡೆದಿದ್ದವು. ಮುಂದೆ ಹಗ್ಗ ಎಂಬತ್ತು, ತೊಂಬತ್ತೈದು, ನೂರು ಎಂದು ಬೆಳೆಯುತ್ತ ಹೋಯಿತು. ರಿಜಿಸ್ಟರ್ ಗರಗಸ ಹಿಡಿದು ಕುಳಿತಿತ್ತು. ಒಟ್ಟು ಎಂಟೂವರೆ ಮೀಟರ್. ಪ್ರತಿ ವರ್ಷ ಒಂದೇ ಹಬ್ಬಕ್ಕೆ ತೆಗೆದ ಅಳತೆ. ಮಳೆಗಾಲ-ಬೇಸಿಗೆಯ ಏರಿಳಿತದ ನೆಪಕ್ಕೂ ಅಲ್ಲಿ ಜಾಗವಿರಲಿಲ್ಲ.

“ಈ ವರ್ಷ ಜೋಕಾಲಿ ಕಟ್ಟಲಿಲ್ಲ” ಎಂದಳು ರೇಣಮ್ಮ. “ಹಗ್ಗ ಕೊಂಬಿಗಿ ಮುಟ್ಟಲಿಲ್ಲ. ಹುಡುಗ್ಯಾರು ಅಳಾಕತ್ತಿದ್ವು.”

ಹಗ್ಗ ಜಪ್ತಿಯಾಯಿತು. ಪಂಚನಾಮೆ 11-35ಕ್ಕೆ ಮುಗಿಯಿತು. ರೇಣಮ್ಮನ ಸೀರೆಗಳಿಗೆ ಮೌಲಾಬಿ ಪಕ್ಕದ ಮನೆಯ ಬೇಲಿ ತೋರಿಸಿದಳು. ಅಪರಾಧ ಸಂಖ್ಯೆ 113/2003, ಕಲಂ 218, 468: ಸರ್ಕಾರಿ ನೌಕರ ಸುಳ್ಳು ದಾಖಲೆ ಸೃಷ್ಟಿಸಿದ್ದು. ದೂರುದಾರ, ಸ್ವತಃ ಪಿಎಸ್‌ಐ. ಮರುದಿನ ಪಂಚನಾಮೆಯ ನಕಲು, ಗ್ರಾಫ್ ಹಾಳೆ ಹಿಡಿದು ಮೌಲಾಬಿ ಗುಲಬರ್ಗಾದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಸ್ವೀಕೃತಿಯ ಮೊಹರು ಬೀಳುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ಐದನೇ ತಾರೀಖು ಬೇರೆ ವಿಭಾಗದ ಇಂಜಿನಿಯರ್ ಬಂದು ಬಾವಿ ಮತ್ತೆ ಅಳೆಯಬೇಕೆಂದು ಆದೇಶವಾಯಿತು.

ಉಳಿದದ್ದು ಮೊದಲ ಕೇಸಿನ ದನಿ ಗುರುತಿಸುವ ಪಂಚನಾಮೆ. ಡಿಸೆಂಬರ್ 4, ಗುರುವಾರ, ಬೆಳಿಗ್ಗೆ 11. ಠಾಣೆಯ ಒಳಕೋಣೆಯಲ್ಲಿ ಮೂವರು: ಒಬ್ಬ ಕಾನ್‌ಸ್ಟೇಬಲ್, ಚಹಾದಂಗಡಿಯವನು, ಪರಮಣ್ಣ. ಮುಚ್ಚಿದ ಬಾಗಿಲಿನ ಈಚೆ ಅಯ್ಯಣ್ಣ. ಮೂವರೂ ಹೇಳಬೇಕಾದ ಮಾತು ಒಂದೇ.

“ಅಯ್ಯಣ್ಣ, ರಿಜಿಸ್ಟರ್ ತೊಗೊಂಡು ಗೋಗಿಗಿ ಬಾ” ಎಂದಿತು ಮೊದಲ ದನಿ. ಅಯ್ಯಣ್ಣ ತಲೆಯಲ್ಲಾಡಿಸಿದ. ಎರಡನೆಯದಕ್ಕೂ ಅಲ್ಲ ಎಂದ.

ಮೂರನೆಯದು ಬಂತು, ಮೂಗಿನಿಂದ, ಕೊನೆಗೆ ಎಳೆಯುತ್ತ. ಬೆಂಚಿನ ಮೇಲಿದ್ದ ಅಯ್ಯಣ್ಣ ಚಿಮ್ಮಿ ನಿಂತ. ಚಪ್ಪಲಿ ಕಳಚಿದ. “ಬಂದೀನ್ರಿ ಸಾಹೇಬ್ರ!”

ಪಂಚರು ನಕ್ಕರು. ಬಾಗಿಲ ಹಿಂದಿನ ದನಿ ಪಂಚನಾಮೆಯಲ್ಲಿ ಇಲ್ಲದ ಮಾತನ್ನೂ ಆಡಿತು: “ಆ ಬಾವಿಗಿ ಕಡೀಕ ಹೋಗಿದ್ದು ಯಾವಾಗಲೇ?”

“ಎಂಟು ವರ್ಷ ಆತ್ರಿ ಸಾಹೇಬ್ರ.”

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬುದು ಬಸವಂತ್ರಾಯನಿಗೆ ಗೊತ್ತಿತ್ತು. ಕೋರ್ಟಿಗೆ ಹಗ್ಗ ಸಾಕು. ಅವನಿಗೆ ಬೇಕಾದದ್ದು ಬೇರೆ.

“ಯಾಕ ಬರದಿ ಹಂಗ?”

ಅಯ್ಯಣ್ಣ ನಿಂತೇ ಇದ್ದ. “ಮೊದಲು ಖರೇ ಅಳದು ಬರೀತಿದ್ದೆರಿ. ಭೀಮರಾಯ ಸಾಹೇಬ್ರು ಬಂದ್ರು. ಹೊನ್ನಿಗನಾಳದ ಮ್ಯಾಲ ಕಾಲುವಿಗಿ ಕಲ್ಲು ಹೊಚ್ಚಿಲ್ರಿ, ಹೊಚ್ಚೀವಿ ಅಂತ ಕಾಗದದಾಗ ಅದ, ಅದಕ್ಕ ಅವರದೇ ಸಹಿ. ಬಾವಿ ಏರಿದ್ರ ‘ನೀರು ಎಲ್ಲಿಂದ ಸೋರ್ತದ’ ಅಂತ ಮ್ಯಾಲಿನವ್ರು ಕೇಳ್ತಾರ. ‘ಬಾವಿ ಕೆಳಗ ಹೋಗಬೇಕು, ಇಲ್ಲಾ ನೀ ಮನಿಗಿ ಹೋಗಬೇಕು’ ಅಂದ್ರು. ನಾ ಹೋಗೂದ ಬಿಟ್ಟೆರಿ. ಕ್ಯಾಂಪಿನಾಗ ಕುಂತು ಬರದೆ.”

“ಏನ್ ನೋಡಿ ಬರದಿ?”

“ನಮ್ಮೂರ ಬಾವಿ ನೆನಸ್ಕೊಂಡು ಬರದೆರಿ. ಸಣ್ಣವ ಇದ್ದಾಗ ಕುರಿಗಿ ನೀರು ಸೇದ್ತಿದ್ದೆ. ಯಾವ ತಿಂಗಳದಾಗ ಎಷ್ಟು ಅಂತ ಕೈಗಿ ಗೊತ್ತದ.”

ಮೌಲಾಬಿ ಬರೆಯುವುದನ್ನು ನಿಲ್ಲಿಸಿ ಅವನ ಕೈ ನೋಡಿದಳು. ಎಂಟು ವರ್ಷ ಆ ಮನುಷ್ಯ ಬಿಟ್ಟುಬಂದ ಊರಿನ ಬಾವಿಯನ್ನು ತಿಂಗಳಿಗೊಮ್ಮೆ ಸೇದುತ್ತಿದ್ದ. ಆ ಸುಳ್ಳು ನೀರಿನಲ್ಲಿ ಇನ್ನೊಂದು ಊರು ಮುಳುಗುತ್ತಿತ್ತು.

ಡಿಸೆಂಬರ್ 5, ಶುಕ್ರವಾರ, 10-45. ಹೊನ್ನಿಗನಾಳದ ಬಾವಿಯ ಸುತ್ತ ಊರೇ ನಿಂತಿತ್ತು. ಹೊಸ ಇಂಜಿನಿಯರ್ ಟೇಪು ಬಿಟ್ಟು ಗಟ್ಟಿಯಾಗಿ ಓದಿದ: “ಒಂದು ಮೀಟರ್, ಎಂಟು ಸೆಂಟಿಮೀಟರ್.” ಪಟ್ಟಿಯ ಕೊನೆಗೆ ಹೊನ್ನಿಗನಾಳ ಎಂದು ಬರೆದು, ಅಲ್ಲೇ ಬಾವಿಕಟ್ಟೆಯ ಮೇಲೆ ಸಹಿ ಹಾಕಿದ. ಪಟ್ಟಿ ಹಿಡಿದ ಜೀಪು ಧೂಳೆಬ್ಬಿಸಿ ಹೋಯಿತು.

ಭೀಮರಾಯನೂ ಬಂದಿದ್ದ. “ಕಾಗದ ನೋಡಿ ಸಹಿ ಹಾಕೀನ್ರಿ. ತಪ್ಪು ಅಯ್ಯಣ್ಣಂದು. ದಿನಗೂಲಿ ಮಂದಿ, ಏನ್ ಮಾಡೂದು...”

“ನಿಮ್ಮ ಜೀಪು ಈ ರಸ್ತಾದಾಗ ವಾರಕ್ಕ ಎರಡು ಸಲ ಹೋಗ್ತದ” ಎಂದ ಬಸವಂತ್ರಾಯ. “ಒಮ್ಮಿ ಇಳದು ಬಗ್ಗಿದ್ರ ನೀರು ಕಾಣ್ತಿತ್ತು. ಎಂಟು ವರ್ಷ ಬಗ್ಗಲಾರದ ಬೆನ್ನಿಗಿ ಏನ್ ರೋಗ್ರಿ ನಿಮಗ?”

“ಅವನ್ನ ಕೇಳಬ್ಯಾಡ ಸಾಹೇಬ” ಎಂದಳು ರೇಣಮ್ಮ, ಜನರನ್ನು ಸರಿಸಿ ಮುಂದೆ ಬಂದು. “ಏ ಇಂಜಿನಿಯರಾ, ಬಸಿಗಾಲುವಿ ಬರ್ತದಂತ, ಬರ್ಲಿ. ಸತ್ತ ಹೊಲ ಏಳಾಕ ಹತ್ತು ವರ್ಷ ಬೇಕಂತ. ನನಗ ಅರವತ್ತು. ಆ ಹತ್ತು ವರ್ಷ ನೀ ಎಲ್ಲಿಂದ ತಂದು ಕೊಡ್ತಿ?”

11-20ಕ್ಕೆ ಭೀಮರಾಯನನ್ನು ಬಂಧಿಸಲಾಯಿತು. ಎರಡನೇ ಆರೋಪಿ ಅಯ್ಯಣ್ಣ ಕೇಳದೆಯೇ ಕೈ ಮುಂದೆ ಮಾಡಿದ.

ಠಾಣೆಗೆ ಇದ್ದದ್ದು ಒಂದೇ ಜೀಪು. ಹಾಗಾಗಿ ಶಹಾಪುರದ ಕೋರ್ಟಿಗೆ ಎರಡೂ ಕೇಸಿನವರು ಒಟ್ಟಿಗೇ ಹೊರಟರು: ಒಂದು ಬದಿಗೆ ಭೀಮರಾಯ, ಅಯ್ಯಣ್ಣ, ಎದುರಿಗೆ ಜಾಮೀನಿನ ಹಾಜರಿಗೆ ಹೊರಟ ಪರಮಣ್ಣ, ಮೌಲಾಬಿ. ಜೀಪು ಗೋಗಿ ದಾಟಿತು. ಭೀಮರಾಯ ಒಂದೇ ಸಮನೆ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಪರಮಣ್ಣನಿಗೆ ಬಾಯಿ ತುರಿಸಿತು. ಮೂಗಿನಿಂದ, ಕೊನೆಗೆ ಎಳೆಯುತ್ತ, ದೊಡ್ಡ ಸಾಹೇಬರ ದನಿ ಹೊರಬಂತು:

“ಏ ಅಯ್ಯಣ್ಣಾ, ಹನ್ನೆರಡು ವರ್ಷ ದಿನಗೂಲಿ ಮಾಡಿದಿ. ನಿನ್ನ ಫೈಲಿಗಿ ಇವತ್ತ ಸಹಿ ಹಾಕೀನಿ ನೋಡಲೇ. ಸರ್ಕಾರಿ ಊಟ, ಸರ್ಕಾರಿ ಕ್ವಾರ್ಟರ್ಸು, ಬಾಗಲಿಗಿ ಪೊಲೀಸ್ ಕಾವಲು. ಖಾಯಂ ಆದಿ, ಹೋಗು!”

ಭೀಮರಾಯ ಬೆಚ್ಚಿ ನೆಟ್ಟಗೆ ಕುಳಿತ. ಅಯ್ಯಣ್ಣ ಅಭ್ಯಾಸಬಲದಿಂದ ಅರ್ಧ ಎದ್ದ, ಜೀಪಿನ ಚಾವಣಿಗೆ ತಲೆ ಬಡಿಸಿಕೊಂಡ, ಎದುರಿಗಿದ್ದ ಪರಮಣ್ಣನ ಮುಖ ನೋಡಿದ. ಮೌಲಾಬಿ ತುಟಿ ಕಚ್ಚಿದಳು. ಡ್ರೈವರ್ ಕಿಸಕ್ಕೆಂದ. ಮುಂದಿನ ಸೀಟಿನಲ್ಲಿ ಬಸವಂತ್ರಾಯನ ಭುಜ ಕುಣಿಯತೊಡಗಿತು. ಅವರೆಲ್ಲರ ನಗುವನ್ನೂ ಮುಳುಗಿಸುವಂತೆ, ಬೇಡಿ ಬಿದ್ದ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಇಳಿಯುವವರೆಗೂ, ಜೀಪಿನ ಹೊರಗೆ ಭತ್ತ ಕೊಯ್ಯುತ್ತಿದ್ದವರು ಕುಡುಗೋಲು ನಿಲ್ಲಿಸಿ ತಿರುಗಿ ನೋಡುವಷ್ಟು ಜೋರಾಗಿ ನಕ್ಕವನು ಅಯ್ಯಣ್ಣ.